ಗುಲಾಬಿಯಮ್ಮನ ಬೆರಳು

"ತೋಳು ಇಳಿಸ್ಬೇಡ," ಅಂದೆ.

ಟೈಲರ್ ಇಳಿಸಿಯೇ ಬಿಟ್ಟ. ಸಾಲದು ಅಂತ ಮುಂಗೈ ಗುಂಡಿಯನ್ನೂ ಹಾಕಿಕೊಂಡ. ಬೇಸಿಗೆ ಮುಗಿಯುತ್ತಾ ಬಂದರೂ ಸೆಕೆ ಮುಗಿದಿರಲಿಲ್ಲ. ನಾನು ಯಾರದೋ ಎಕ್ಸ್-ರೇ ಕವರಿನಿಂದ ಗಾಳಿ ಬೀಸಿಕೊಳ್ತಾ ಕೂತಿದ್ದೆ, ಈ ಮಹಾರಾಯ ತುಂಬುತೋಳಿನ ಅಂಗಿಯಲ್ಲಿ ಬೆವರು ಸುರಿಸ್ತಾ ನಿಂತಿದ್ದ.

"ಡಾಕ್ಟ್ರಮ್ಮನ ಕೋಟಿಗೆ ಅಳತೆ ಅಂತ ಕರ್ಕೊಂಡು ಬಂದು ನನ್ನ ಅಳತೆ ತಗೊಳ್ತಿದೀರಲ್ಲ ಮೇಡಂ," ಅಂದ. ಕೊರಳಲ್ಲಿ ಟೇಪು ಇನ್ನೂ ನೇತಾಡ್ತಿತ್ತು.

"ಕೋಟೂ ಹೊಲಿ, ಬೇಡ ಅಂದೋರ್ಯಾರು? ಮೊದಲು ಕೈ ತೋರ್ಸು."

ನನ್ನ ತಂಗಿ ಸಿಂಕಿನ ಹತ್ತಿರ ಕೈ ತೊಳೀತಿದ್ದಳು. ಅವಳು ಚರ್ಮದ ಡಾಕ್ಟರು, ನಾನು ಪತ್ತೇದಾರಿ. ಅವಳು ಪುಸ್ತಕಕ್ಕೆ ಮೂಗು ತೂರಿಸಿ ಮುಂದೆ ಬಂದಳು, ಇವಳು ಕಂಡವರ ಮನೆಗೆ ಮೂಗು ತೂರಿಸಿ ಮುಂದೆ ಬಂದಳು ಅಂತ ನಮ್ಮಮ್ಮ ಹೇಳ್ತಿದ್ದಳು. ಅಮ್ಮನ ಮಾತಲ್ಲಿ ಸುಳ್ಳೇನಿಲ್ಲ.

ಈ ಟೈಲರನ ಅತ್ತಿಗೆ ಚಳಿಗಾಲದಲ್ಲಿ ಮನೆ ಬಿಟ್ಟವಳು ಇನ್ನೂ ಬಂದಿಲ್ಲ, ಹುಡುಕಿಕೊಡಿ ಅಂತ ಇವನ ಅಣ್ಣ ನನ್ನ ಬೆನ್ನು ಹತ್ತಿದ್ದಾನೆ. ಇವತ್ತು ಬೆಳಗ್ಗೆಯಿಂದ ನನ್ನ ಅನುಮಾನವೆಲ್ಲ ಈ ತೋಳಿನ ಮೇಲೆ.

ಬೆಳಗ್ಗೆ ಆಗಿದ್ದಿಷ್ಟು. ಅಣ್ಣನದು ಬಣ್ಣದ ಮೀನು ಮಾರುವ ಅಂಗಡಿ, ಬೀದಿಯವರೆಲ್ಲ ಅವನನ್ನು ಕರೆಯೋದೇ ಮೀನಣ್ಣ ಅಂತ. ಮುಂದೆ ಶಟರು, ಒಳಗೆ ಎರಡೂ ಗೋಡೆಗೆ ಗಾಜಿನ ತೊಟ್ಟಿಗಳು, ಗುಳುಗುಳು ಅನ್ನುವ ಗಾಳಿ ಪಂಪುಗಳು. ಅಂಗಡಿಗೆ ಅಂಟಿಕೊಂಡೇ ಮನೆ, ಅದರ ಹಿಂದಿನ ಕೋಣೆಯಲ್ಲಿ ಒಂದೇ ಒಂದು ದೊಡ್ಡ ತೊಟ್ಟಿ. ಅದು ಅವನ ಹೆಂಡತಿಯದು, ಮಾರಾಟಕ್ಕಲ್ಲ. ಒಳಗೆ ನೀರಗಿಡಗಳು, ಮೀನು ಅವಿತುಕೊಳ್ಳೋಕೆ ಬಾಯಿ ಒಡೆದ ಮಣ್ಣಿನ ಕುಡಿಕೆ.

"ಅವಳು ಹೋದ ಮೇಲೆ ನಾನು ಇದಕ್ಕೆ ಕೈ ಹಾಕಿಲ್ಲ," ಅಂದಿದ್ದ ಮೀನಣ್ಣ. "ಮೇಲಿಂದ ಕಾಳು ಉದುರಿಸ್ತೀನಿ, ಅಷ್ಟೇ. ಆದ್ರೂ ನೋಡಿ, ಗಾಜಿನ ಮೇಲೆ ಒಂದು ಚೂರು ಪಾಚಿ ಇಲ್ಲ. ಮಿಕ್ಕ ತೊಟ್ಟಿಗಳು ಎರಡು ವಾರ ಬಿಟ್ರೆ ಹಸಿರು ಗೋಡೆ ಆಗ್ತವೆ. ಇದು ಅವಳ ಕೈಗುಣ ಮೇಡಂ."

ಪಾಪ, ಹೆಂಡತಿ ಹೋಗಿ ಇವನ ತಲೆಯೂ ಸ್ವಲ್ಪ ಹೋಗಿದೆ ಅಂದುಕೊಂಡೆ. ಹೂಂ ಅಂದೆ.

"ಅವಳು ಬಂದೇ ಬರ್ತಾಳೆ," ಅಂದ. "ನನ್ನ ಬಿಟ್ಟು ಹೋಗೋಳಾಗಿದ್ರೆ ಉಂಗುರ ಬಿಚ್ಚಿಟ್ಟು ಹೋಗ್ತಿದ್ಲು. ಅವಳು ಅಂಥ ನೇರ ಹೆಂಗಸು. ಮನೆಯೆಲ್ಲ ಜಾಲಾಡಿದೆ, ಉಂಗುರ ಎಲ್ಲೂ ಇಲ್ಲ. ಅಂದ್ರೆ ಬೆರಳಲ್ಲೇ ಇದೆ. ಬೆರಳಲ್ಲಿದೆ ಅಂದ್ರೆ ಮನಸ್ಸಲ್ಲಿ ನಾನಿದೀನಿ."

ಅಷ್ಟು ದೊಡ್ಡ ಗಂಡಸು, ಒಂದು ಉಂಗುರ ಕಾಣದಿರೋದನ್ನೇ ನೆಚ್ಚಿಕೊಂಡು ಜೀವ ಹಿಡಿದಿದ್ದ. ಅಂಗಡಿ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಲೆ ಎತ್ತುತ್ತಿದ್ದ, ಗಿರಾಕಿ ಅಂತ ಗೊತ್ತಾದ ಮೇಲೆ ತಲೆ ಇಳಿಸುತ್ತಿದ್ದ. ನನಗೂ ಒಬ್ಬ ಬರ್ತೀನಿ ಅಂದವನಿದ್ದ. ಬರಲಿಲ್ಲ. ಹಾಗಾಗಿ ಹೀಗೆ ಕಾಯೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ, ಆದರೂ ಅವರ ಕೇಸು ಬಿಡಲ್ಲ.

ಆ ಹೊತ್ತಿಗೆ ಟೈಲರ್ ಮಹಡಿಯಿಂದ ಇಳಿದು ಬಂದ. ಅಂಗಡಿಯ ಮೇಲೆಯೇ ಇವನ ಹೊಲಿಗೆ ಮೆಷಿನ್ನು. ಅಣ್ಣನ ಬಾಯಲ್ಲಿ ಉಂಗುರದ ಮಾತು ಕೇಳಿದ್ದೇ ತಡ, ಇವನ ಎಡಗೈ ತಾನಾಗಿ ಬಲಗೈ ತೋಳಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ನನಗೆ ಅಷ್ಟು ಸಾಕು. ಕೋಟಿನ ನೆಪ ಹೇಳಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

ತಂಗಿಯ ಭುಜದ ಅಳತೆ ತೆಗೆಯೋಕೆ ಕೈ ಎತ್ತಿದಾಗ ತೋಳು ಜಾರಿತು. ಇಬ್ಬರೂ ನೋಡಿದೆವು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಅಂದೆ ಈಗ. "ಮುಚ್ಚಿಕೊಂಡ್ರೆ ಹೋಗ್ಬಿಡುತ್ತಾ?"

"ಕನ್ನಡಿ ಬೇಡ ಕಣೇ, ಮೈಕ್ರೋಸ್ಕೋಪ್ ಬೇಕು," ಅಂದಳು ತಂಗಿ ಕೈ ಒರೆಸಿಕೊಳ್ತಾ. "ಅಕ್ಕಾ, ನೀನು ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ. ಇದು ನನ್ನ ಕ್ಲಿನಿಕ್ಕು, ನಿನ್ನ ಠಾಣೆ ಅಲ್ಲ." ಆಮೇಲೆ ಟೈಲರ್ ಕಡೆ ತಿರುಗಿ, "ಕೂತ್ಕೋಪ್ಪ. ನೋವಾಗಲ್ಲ."

ಅವಳ ದನಿಗೆ ಅಂಥ ಗುಣ ಇದೆ. ಅವನು ಕೂತು ಗುಂಡಿ ಬಿಚ್ಚಿದ.

ಬಲಗೈ ತೋರುಬೆರಳಿನ ಬುಡದಲ್ಲಿ ನೇರಳೆ ಬಣ್ಣದ ಗಂಟು, ಮೇಲೆ ಒಣಗಿದ ಹಕ್ಕಳೆ. ಮುಂಗೈ ದಾಟಿದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು, ಮಗದೊಂದು. ಮೊಣಕೈ ಕೆಳಗೆ ಕಡೆಯದು, ಈಗಷ್ಟೇ ಮೂಡುತ್ತಿದ್ದದ್ದು. ಒಂದರ ಮೇಲೊಂದು ನೆಟ್ಟಗೆ ಸಾಲು ಹಿಡಿದಿದ್ದವು, ಅಂಗಿಗೆ ಗುಂಡಿ ಕೂರಿಸಿದ ಹಾಗೆ.

ತಂಗಿ ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡಿದಳು. "ಹೇಗಾಯ್ತು?"

"ಸೂಜಿ ಚುಚ್ಚಿದ್ದು. ನಮ್ಮ ಕಸುಬೇ ಅದಲ್ವಾ ಡಾಕ್ಟ್ರೇ."

"ಬೇರೆ ಯಾರಿಗಾದ್ರೂ ತೋರಿಸಿದ್ಯಾ?"

"ತೋರಿಸ್ದೆ. ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದ್ರು. ಏನೂ ಬೆಳೀಲಿಲ್ಲ ಅಂದ್ರು. ಕಜ್ಜಿಗೆ ಹಚ್ಚೋ ಮುಲಾಮು ಕೊಟ್ರು."

"ಹಚ್ಚಿದ ಮೇಲೆ?"

"ಒಂದಿದ್ದದ್ದು ಐದಾಯ್ತು."

ತಂಗಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಚಿಕ್ಕವಳಿದ್ದಾಗ ಚದುರಂಗದಲ್ಲಿ ನನ್ನ ರಾಣಿ ಹೊಡೆಯೋ ಮುಂಚೆ ಹೀಗೇ ನೋಡ್ತಿದ್ದಳು.

"ಹೀಗೆ ಸಾಲಾಗಿ ತೋಳು ಹತ್ತೋ ಕಾಯಿಲೆ ದಿನಾ ನೋಡೋಕೆ ಸಿಗಲ್ಲ," ಅಂದಳು. "ಬೆರಳಲ್ಲಿ ಗಾಯ ಆಗಿ ಒಳಗೆ ಹೊಕ್ಕಿದ್ದು, ಚರ್ಮದ ಕೆಳಗಿನ ಸಣ್ಣ ನಾಳ ಹಿಡ್ಕೊಂಡು ಮೇಲೆ ಹೋಗುತ್ತೆ. ಹೋಗ್ತಾ ಅಲ್ಲಲ್ಲಿ ಗಂಟು ಕಟ್ಟುತ್ತೆ. ಇದಕ್ಕೆ ಮುಖ್ಯವಾಗಿ ಎರಡು ದಾರಿ. ಗುಲಾಬಿ ಮುಳ್ಳು ಚುಚ್ಚಿ ಒಳಗೆ ಹೋಗೋ ಬೂಷ್ಟು ಒಂದು. ಮೀನಿನ ತೊಟ್ಟಿ ನೀರಲ್ಲಿರೋ ಕ್ರಿಮಿ ಇನ್ನೊಂದು. ಎರಡೂ ನೋಡೋಕೆ ಅವಳಿಜವಳಿ. ಔಷಧಿ ಮಾತ್ರ ಬೇರೆ ಬೇರೆ."

"ಓಹೋ, ನಿನ್ನ ಗುಲಾಬಿಯಮ್ಮನ ಕಾಯಿಲೆ," ಅಂದೆ.

ಊಟಕ್ಕೆ ಕೂತಾಗಲೆಲ್ಲ ನನಗೆ ಈ ಗುಲಾಬಿಯಮ್ಮನ ಪುರಾಣ ಕೇಳಿ ಕೇಳಿ ಸಾಕಾಗಿತ್ತು. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಿದ್ದ ಒಬ್ಬ ಹೆಂಗಸು. ಎಡಗೈಯಲ್ಲಿ ಇಂಥದೇ ಗಂಟುಗಳ ಸಾಲು. ಗುಲಾಬಿ ತೋಟದಲ್ಲಿ ಕೆಲಸ ಅಂದಿದ್ದಳಂತೆ. ತಂಗಿ ಬೂಷ್ಟಿಗೆ ಔಷಧಿ ಕೊಟ್ಟಳು, ಬದಲಾಯಿಸಿ ಕೊಟ್ಟಳು, ಡೋಸು ಏರಿಸಿದಳು. ಗಂಟು ಒಂದೂ ಕರಗಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಬಂದು ಹೋದವಳು ಮತ್ತೆ ಬರಲೇ ಇಲ್ಲ. ಆ ಸೋಲು ತಂಗಿಯ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

"ಆ ಮಾತು ಈಗ ಬೇಡ," ಅಂದಳು. "ನಿಮ್ಮನೇಲಿ ಗುಲಾಬಿ ಗಿಡ ಇದೆಯೇನಪ್ಪ?"

"ಇಲ್ಲ."

"ತೊಟ್ಟಿಗೆ ಕೈ ಹಾಕಿದ್ಯಾ?"

"ನಾನಾ?" ಅವನು ಮುಖ ಕಿವುಚಿದ. "ಮೀನು ಅಂದ್ರೆ ನನಗೆ ವಾಕರಿಕೆ. ಆ ನೀಸು ವಾಸನೆಗೆ ಮಹಡಿ ಕಿಟಕೀನೇ ತೆಗೆಯಲ್ಲ. ಅಣ್ಣನ್ನೇ ಕೇಳಿ. ಹುಟ್ಟಿದಾರಭ್ಯ ತೊಟ್ಟಿ ಮುಟ್ಟಿಲ್ಲ."

"ಹಾಗಾದ್ರೆ ಕಷ್ಟ," ಅಂದಳು ತಂಗಿ ಕುರ್ಚಿ ಎಳೆದುಕೊಂಡು. "ಲ್ಯಾಬಿನವರು ಕ್ರಿಮಿ ಬೆಳೆಸೋಕೆ ನಮ್ಮ ಮೈಯಷ್ಟೇ ಬಿಸಿ ಇರೋ ಪೆಟ್ಟಿಗೇಲಿ ಇಡ್ತಾರೆ. ಹೆಚ್ಚಿನ ಕ್ರಿಮಿಗಳಿಗೆ ಅದೇ ಇಷ್ಟ. ತೊಟ್ಟಿ ಕ್ರಿಮಿ ಹಾಗಲ್ಲ, ನೀರಲ್ಲಿ ಹುಟ್ಟಿದ್ದು, ಅದಕ್ಕೆ ತಂಪು ಬೇಕು. ಅದಕ್ಕೇ ಅದು ಎದೆ ಹೊಟ್ಟೆ ಬಿಟ್ಟು ಕೈ ಹಿಡಿಯೋದು, ಕೈ ತಣ್ಣಗಿರುತ್ತಲ್ಲ. ಲ್ಯಾಬಲ್ಲಿ ಬೆಚ್ಚಗಿಟ್ರೆ ಮೊಳಕೆ ಒಡೆಯಲ್ಲ. ರೋಗಿ ಬಾಯಿಬಿಟ್ಟು 'ಮೀನು' ಅಂದ್ರೆ ನಾವು 'ತಂಪಲ್ಲಿಡಿ' ಅಂತ ಹೇಳಿ ಕಳಿಸ್ತೀವಿ. ಬಾಯಿ ಬಿಡದಿದ್ರೆ ಏನೂ ಇಲ್ಲ ಅಂತ ವರದಿ ಬರುತ್ತೆ."

"ಅಂದ್ರೆ ಇವನು ಸುಳ್ಳು ಹೇಳಿದ್ರೆ ಪರೀಕ್ಷೇನೂ ಸುಳ್ಳು ಹೇಳುತ್ತೆ," ಅಂದೆ.

"ಹೂಂ. ಬೆರಳು ಸುಳ್ಳು ಹೇಳಲ್ಲ. ಗಂಟು ಕೀಲಿನ ಒಳಗೆ ಇಳಿದ್ರೆ ಈ ಬೆರಳು ಮಡಚೋಕಾಗಲ್ಲ ತಮ್ಮಾ. ಸೂಜಿ ಹಿಡಿಯೋ ಬೆರಳು ಇದೇ ತಾನೇ?"

ಟೈಲರ್ ತನ್ನ ತೋರುಬೆರಳನ್ನು ನೋಡಿಕೊಂಡ. ಮಡಚಿದ. ಪೂರ್ತಿ ಮಡಚೋಕಾಗಲಿಲ್ಲ.

ನಾನು ಎದ್ದು ಅವನ ಎದುರಿಗೆ ನಿಂತೆ. ಇನ್ನು ಬೀಗದ ಮಾತಿಲ್ಲ.

"ನಿನಗೆ ಮೀನು ಕಂಡ್ರೆ ಆಗಲ್ಲ. ಆದ್ರೂ ತೊಟ್ಟಿಗೆ ಕೈ ಹಾಕಿದೀಯ. ಯಾವ ತೊಟ್ಟಿ ಅಂತಾನೂ ಹೇಳ್ತೀನಿ ಕೇಳು. ಹಿಂದಿನ ಕೋಣೆದು. ನಿಮ್ಮಣ್ಣ ಅದನ್ನ ದೇವರ ಹಾಗೆ ನೋಡ್ತಾನೆ, ಮುಟ್ಟಲ್ಲ. ಏನಾದ್ರೂ ಬಚ್ಚಿಡ್ಬೇಕು ಅಂದ್ರೆ ಅದಕ್ಕಿಂತ ಒಳ್ಳೆ ಜಾಗ ಆ ಮನೇಲಿ ಇಲ್ಲ. ಏನು ಬಚ್ಚಿಟ್ಟೆ?"

"ನಾನೇನೂ ಬಚ್ಚಿಡ್ಲಿಲ್ಲ."

"ನಿಮ್ಮತ್ತಿಗೇನ ಏನು ಮಾಡ್ದೆ?"

ಅವನು ಕುರ್ಚಿಯಿಂದ ಅರ್ಧ ಎದ್ದ. "ಅಯ್ಯೋ, ಏನು ಮಾತು ಆಡ್ತಿದೀರಾ! ಅತ್ತಿಗೆ ನನಗೆ ಅಮ್ಮನ ಹಾಗೆ."

"ಹಾಗೆ ಅನ್ನೋರನ್ನ ಬೇಕಾದಷ್ಟು ನೋಡಿದೀನಿ. ಹೇಳು, ಇಲ್ಲಾಂದ್ರೆ ಈ ತೋಳು ತೋರಿಸಿ ನಿಮ್ಮಣ್ಣನ್ನೇ ಕೇಳ್ತೀನಿ."

"ಬೇಡ!" ಕೂಗಿಯೇ ಬಿಟ್ಟ. ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳ ಮಾತು ನಿಂತಿತು. "ಅಣ್ಣನಿಗೆ ಬೇಡ. ನನ್ನ ಕೈ ಹೋದ್ರೂ ಪರವಾಗಿಲ್ಲ, ಅಣ್ಣನಿಗೆ ಹೇಳ್ಬೇಡಿ."

ಇದು ಕೊಲೆಗಾರನ ಮಾತಲ್ಲ. ನನಗೆ ಆಗಲೇ ಅನ್ನಿಸಿತು. ಅನ್ನಿಸಿದ್ದನ್ನು ಮುಖದಲ್ಲಿ ತೋರಿಸಲಿಲ್ಲ.

ಅವನು ತಂಗಿಯ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡ. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ. ಅವನು ಅಂಗಿಯ ಅಂಚನ್ನು ಮಗುಚಿ ಹೊಲಿಗೆ ಬಿಚ್ಚಿದ. ಎಂಥ ನಯವಾದ ಹೊಲಿಗೆ ಅಂತೀರಿ, ಅಲ್ಲಿ ಜೇಬಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಳಗಿಂದ ಒಂದು ಉಂಗುರ ಅವನ ಅಂಗೈಗೆ ಬಿತ್ತು.

"ಹೋದ ತಿಂಗಳ ಹಿಂದಿನ ತಿಂಗಳು ಅಣ್ಣ ಜ್ವರ ಬಂದು ಮಲಗಿದ್ದ," ಅಂದ. "ಮೀನಿಗೆ ಕಾಳು ಹಾಕು, ಅವಳ ಮೀನು ಉಪವಾಸ ಇರಬಾರದು ಅಂತ ಒಂದೇ ಸಮ ಗೋಳು. ಮೂಗು ಮುಚ್ಕೊಂಡು ಹೋದೆ. ಕುಡಿಕೆ ಒಳಗೆ ಏನೋ ಹೊಳೀತು. ಕೈ ಹಾಕಿದೆ. ಕುಡಿಕೆ ಬಾಯಿ ಒಡೆದಿದೆಯಲ್ಲ, ಬೆರಳು ಕೊಯ್ತು."

"ಅತ್ತಿಗೆ ಉಂಗುರ?"

"ಹೂಂ. ಬಿಚ್ಚಿಟ್ಟು ಹೋಗಿದ್ರೆ ಬೇರೆ ಮಾತು. ನೋಡಿ ಮೇಡಂ, ಕತ್ತರಿಸಿ ಇಟ್ಟು ಹೋಗಿದಾರೆ." ಉಂಗುರದ ಒಂದು ಕಡೆ ಬಾಯಿ ತೆರೆದಿತ್ತು. "ಇನ್ನು ಸಂಬಂಧವೇ ಬೇಡ ಅಂತ ತಾನೇ ಅರ್ಥ? ಅಣ್ಣ ಈ ಉಂಗುರ ಇಲ್ಲ ಅನ್ನೋ ಒಂದು ಆಸೆ ಮೇಲೆ ಬದುಕಿದಾನೆ. ಇದನ್ನ ನೋಡಿದ್ರೆ ಆ ಮಂಚ ಬಿಟ್ಟು ಏಳ್ತಿರಲಿಲ್ಲ. ನಮ್ಮಪ್ಪ ಸತ್ತ ಮೇಲೆ ನನ್ನ ಎತ್ತಿ ಬೆಳೆಸಿದ್ದು ಅವನು. ಅವನ ಆಸೆ ನಾನು ಹೇಗೆ ಕಿತ್ಕೊಳ್ಳಲಿ? ಅದಕ್ಕೇ ಹೊಲಿದು ಇಟ್ಕೊಂಡೆ. ಯಾವ ಅಂಗಿ ಹಾಕಿದ್ರೂ ಬಿಚ್ಚಿ ಮತ್ತೆ ಹೊಲೀತೀನಿ."

ಅಂಗಡಿಯಲ್ಲಿ ಒಬ್ಬ, ಉಂಗುರ ಇಲ್ಲ ಅಂತ ಕಾಯ್ತಾನೆ. ಮಹಡಿಯಲ್ಲಿ ಇನ್ನೊಬ್ಬ, ಉಂಗುರ ಇದೆ ಅಂತ ಸಾಯ್ತಾನೆ. ಯಾರನ್ನ ಅಂತ ಬೈಯಲಿ? ಬೈಯೋಕೆ ಆಳು ಸಿಗದಿರೋದು ನನ್ನ ಜೀವನದಲ್ಲಿ ಅಪರೂಪ.

"ಡಾಕ್ಟ್ರಿಗೆ ತೊಟ್ಟಿ ಅಂದ್ರೆ, ಯಾಕೆ ಕೈ ಹಾಕ್ದೆ ಅಂತ ಅಣ್ಣನ ಕಿವಿಗೆ ಬೀಳುತ್ತೆ ಅನ್ನೋ ಭಯ," ಅಂದ. "ಸೂಜಿ ಅಂದೆ."

ಅಲ್ಲಿಗೆ ನನ್ನ ಕೇಸು ಮುಗಿದ ಹಾಗೇ ಇತ್ತು. ಹೆಂಗಸು ತಾನಾಗಿ ಹೋಗಿದ್ದಾಳೆ, ಬಂಧ ಕಡಿದುಕೊಂಡು ಹೋಗಿದ್ದಾಳೆ. ಹೋಗಿ ಮೀನಣ್ಣನಿಗೆ ಹೇಳೋದೊಂದೇ ಬಾಕಿ.

"ಅದನ್ನ ಕೊಡಿಲ್ಲಿ," ಅಂದಳು ತಂಗಿ.

ಅವಳ ದನಿ ಬೇರೆಯಾಗಿತ್ತು. ಉಂಗುರವನ್ನು ದೀಪದ ಕೆಳಗೆ ಹಿಡಿದಳು. ಮೇಲ್ಗಡೆ ಒಂದು ಸಣ್ಣ ಎಲೆ ಕೆತ್ತಿದ್ದರು. ಎಲೆಗೆ ಅಡ್ಡಲಾಗಿ ಒಂದು ಗೀರು, ಆಳ ಇಲ್ಲ. ಪೂರ್ತಿ ಕತ್ತರಿಸಿದ್ದು ಹಿಂದೆ, ಎಲೆ ಇಲ್ಲದ ಬದಿಯಲ್ಲಿ.

"ಅಕ್ಕಾ," ಅಂದಳು. ಕುರ್ಚಿ ಹುಡುಕಿ ಕೂತಳು. "ಇದನ್ನ ಕತ್ತರಿಸಿದ್ದು ನಾನು."

"ಏನೇ?"

"ಇದೇ ಕೋಣೇಲಿ. ಗುಲಾಬಿಯಮ್ಮ. ಉಂಗುರದ ಬೆರಳು ಬಾತು ನೀಲಿಗಟ್ಟಿತ್ತು, ಉಂಗುರ ತೆಗೀದಿದ್ರೆ ಬೆರಳೇ ಹೋಗ್ತಿತ್ತು. ಕಟರ್ ಎಲೆ ಮೇಲೆ ಇಟ್ಟೆ. ಒಂದು ಗೀರು ಬಿತ್ತು. ನನ್ನ ಕೈ ಹಿಡ್ಕೊಂಡುಬಿಟ್ಲು. 'ಎಲೆ ಮೇಲೆ ಬೇಡ ಡಾಕ್ಟ್ರೇ, ಅದು ಅವರು ಆಸೆಪಟ್ಟು ಕೆತ್ತಿಸಿದ್ದು' ಅಂದ್ಲು. ತಿರುಗಿಸಿ ಹಿಂದೆ ಕತ್ತರಿಸಿದೆ. ಗುಲಾಬಿ ಎಲೆ ಅಂದ್ಕೊಂಡಿದ್ದೆ ಕಣೇ."

"ಅದು ನೀರಗಿಡದ ಎಲೆ," ಅಂದ ಟೈಲರ್. "ಆ ತೊಟ್ಟೀಲಿ ಇದೆಯಲ್ಲ, ಅದೇ."

"ನೀನು ಮೀನಿನ ವಿಷಯ ಕೇಳಲಿಲ್ವಾ ಅವಳನ್ನ?" ಅಂದೆ.

"ಕೇಳ್ದೆ. ಮೀನು ಸಾಕ್ತೀರಾ ಅಂದೆ. ಇಲ್ಲವೇ ಇಲ್ಲ ಅಂದ್ಲು."

ಟೈಲರ್ ತಲೆ ಹಿಡಿದುಕೊಂಡ. "ಅಂಗಡಿಗೋಸ್ಕರ. ತೊಟ್ಟಿ ನೀರಿಂದ ರೋಗ ಅಂತ ಬೀದೀಲಿ ಒಂದು ಮಾತು ಹುಟ್ಟಿದ್ರೆ ಅಣ್ಣನ ಅಂಗಡಿಗೆ ಯಾರು ಬರ್ತಾರೆ? ಅಣ್ಣ ಸುಮ್ನೆ ಮೊಣಕೈ ಕೆರ್ಕೊಂಡ್ರೂ 'ಗಿರಾಕಿ ನೋಡ್ತಾರೆ, ಒಳಗೆ ಹೋಗಿ ಕೆರ್ಕೊಳ್ಳಿ' ಅಂತಿದ್ರು ಅತ್ತಿಗೆ."

ಒಂದೇ ಮನೆಯ ಇಬ್ಬರು, ಒಂದೇ ಡಾಕ್ಟರಿಗೆ, ಒಂದೇ ಸುಳ್ಳು. ಇಬ್ಬರೂ ಹೇಳಿದ್ದು ಆ ಒಬ್ಬ ಮನುಷ್ಯನಿಗಾಗಿ. ಪುಣ್ಯವಂತನೋ ಪಾಪಿಯೋ, ನೀವೇ ಹೇಳಿ.

"ಮೊದಲ ಸಲ ಬಂದಾಗ ಚಳಿಗಾಲ. ಸ್ವೆಟರ್ ಹಾಕಿದ್ಲು," ಅಂದಳು ತಂಗಿ. ಕಣ್ಣು ಉಂಗುರದ ಮೇಲೇ ಇತ್ತು. "ಒಂದೇ ಪ್ರಶ್ನೆ ಕೇಳಿದ್ಲು. 'ಇದು ಮನೆಯವರಿಗೆ ಅಂಟುತ್ತಾ?' ಅಂತ. ದೊಡ್ಡ ರೋಗ ಅಂತ ಹೆದರಿದ್ಲೋ ಏನೋ."

"ನೀನೇನಂದೆ?"

"ಹೊರಗೆ ಜನ ತುಂಬಿದ್ರು ಅಕ್ಕಾ. 'ಏನು ಅಂತ ಗೊತ್ತಾಗೋವರೆಗೂ ಹೇಳೋಕಾಗಲ್ಲ, ಸ್ವಲ್ಪ ದೂರ ಇರಮ್ಮ' ಅಂದೆ."

ದೂರ ಇರಮ್ಮ ಅಂದಳು, ಅವಳು ದೂರ ಹೋದಳು. ನನ್ನ ತಂಗಿ ಅಳೋದನ್ನು ಅಮ್ಮ ಹೋದಾಗ ನೋಡಿದ್ದು, ಈಗಲೇ ಮತ್ತೆ ನೋಡಿದ್ದು.

"ಅಂಟಲ್ಲ ಕಣೇ," ಅಂದಳು ಮೂಗು ಒರೆಸಿಕೊಂಡು. "ಎರಡೂ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಮಾತ್ರೆಗೆ ಹೋಗೋ ಕಾಯಿಲೆ. ಕೆಲವು ತಿಂಗಳು ಬಿಡದೆ ನುಂಗಬೇಕು, ಅಷ್ಟೇ."

ಅಷ್ಟು ಹೊತ್ತಿಗೆ ನನ್ನ ತಲೆಯೊಳಗೆ ಬೇರೆಯೇ ಒಂದು ಗಂಟು ಬಿಚ್ಚಿಕೊಳ್ತಿತ್ತು.

"ತಡಿ ತಡಿ. ಉಂಗುರ ಕತ್ತರಿಸಿದ್ದು ಯಾವಾಗ?"

"ಬೇಸಿಗೆ ಶುರುವಿನಲ್ಲಿ. ಆ ಸೆಕೆಗೇ ಬೆರಳು ಇನ್ನಷ್ಟು ಊದಿದ್ದು."

"ಅವಳು ಮನೆ ಬಿಟ್ಟಿದ್ದು ಚಳಿಗಾಲದಲ್ಲಿ. ಬೇಸಿಗೇಲಿ ಕತ್ತರಿಸಿದ ಉಂಗುರ ಆ ತೊಟ್ಟಿಯೊಳಗೆ ಹೇಗೆ ಬಂತು?"

ಇಬ್ಬರೂ ನನ್ನನ್ನೇ ನೋಡಿದರು.

"ಅವಳೇ ತಂದಿಟ್ಟಿದಾಳೆ," ಅಂದೆ. "ಮನೆ ಬಿಟ್ಟ ಮೇಲೆ, ಮನೆಗೇ ಬಂದು. ಕಡಿದುಕೊಂಡು ಹೋಗೋಕೆ ಅಲ್ಲ ಕಣೋ ಟೈಲರಾ. ಬೆರಳಲ್ಲಿ ಇರೋಕಾಗದ ಉಂಗುರ ಮನೇಲಾದ್ರೂ ಇರ್ಲಿ ಅಂತ. ಆಮೇಲೆ ಒಂದು ದಿನ ಬಂದು ಕುಡಿಕೆ ನೋಡಿರ್ತಾಳೆ, ಉಂಗುರ ಇಲ್ಲ. ಗಂಡನಿಗೆ ಸಿಕ್ಕಿದೆ, ಆದ್ರೂ ಹುಡುಕ್ಕೊಂಡು ಬರಲಿಲ್ಲ ಅಂದ್ಕೊಂಡಿರ್ತಾಳೆ."

ಟೈಲರ್ ಬಿಚ್ಚಿದ ಹೊಲಿಗೆಯ ಮೇಲೆ ಬೆರಳಾಡಿಸಿದ. ಅವನ ಒಳ್ಳೆಯತನ ಏನು ಮಾಡಿಟ್ಟಿದೆ ಅಂತ ಅವನಿಗೆ ಆಗ ಹೊಳೆಯಿತು.

"ಆಮೇಲೂ ಬಂದಿದಾರೆ ಅಂತೀರಾ?" ಅಂದ.

"ಗಾಜಿನ ಮೇಲೆ ಪಾಚಿ ಇಲ್ಲ," ಅಂದೆ. "ಬೆಳಗ್ಗೆ ನಾನೇ ಕಣ್ಣಾರೆ ನೋಡಿದೆ. ನಿಮ್ಮಣ್ಣ ಕೈಗುಣ ಅಂದ. ನಾನು ಅವನಿಗೇ ತಲೆ ಕೆಟ್ಟಿದೆ ಅಂದ್ಕೊಂಡೆ. ನಿಮ್ಮಣ್ಣ ಅಂಗಡಿ ಬಿಟ್ಟು ಎಷ್ಟು ಹೊತ್ತಿಗೆ ಹೋಗ್ತಾನೆ?"

"ಮಧ್ಯಾಹ್ನ. ಮಾರಿದ ತೊಟ್ಟಿಗಳನ್ನ ವ್ಯಾನಲ್ಲಿ ಮುಟ್ಟಿಸಿ ಬರ್ತಾನೆ. ಆಗ ಶಟರ್ ಹಾಕಿರುತ್ತೆ. ನಾನು ಮೇಲೆ ಮೆಷಿನ್ ತುಳೀತಿರ್ತೀನಿ, ಕೆಳಗಿನ ಸದ್ದು ಕೇಳಲ್ಲ."

"ಹಿಂಬಾಗಿಲ ಕೀ?"

"ಅತ್ತಿಗೆ ಹತ್ತಿರ ಒಂದು ಇತ್ತು."

ಗೋಡೆ ಗಡಿಯಾರ ನೋಡಿದೆ. ಮಧ್ಯಾಹ್ನವೇ ಆಗಿತ್ತು.

"ನೀನು ರೋಗಿಗಳನ್ನ ಕಳಿಸಿ ಹಿಂದೆಯೇ ಬಾ, ಮಾತ್ರೆ ಮರೀಬೇಡ," ಅಂದೆ ತಂಗಿಗೆ. ಉಂಗುರ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದೆ. ಟೈಲರ್ ಆಗಲೇ ಸ್ಕೂಟರಿನ ಹತ್ತಿರ ಓಡಿದ್ದ, ಟೇಪು ಗಾಳಿಗೆ ಹಾರುತ್ತಿತ್ತು.

ದಾರಿಯುದ್ದಕ್ಕೂ ನನಗೆ ಒಂದೇ ಚಿತ್ರ. ಮುಚ್ಚಿದ ಅಂಗಡಿ, ಯಾರೂ ಇಲ್ಲದ ಹೊತ್ತು, ಒಬ್ಬ ಹೆಂಗಸು ತನ್ನದೇ ಮನೆಗೆ ಕಳ್ಳಿಯ ಹಾಗೆ ಬಂದು ತೊಟ್ಟಿ ಉಜ್ಜುತ್ತಾಳೆ. ಗಂಡನ ಚಪ್ಪಲಿ ಎಲ್ಲಿದೆ, ಕುಡಿದ ಲೋಟ ಎಲ್ಲಿದೆ ನೋಡುತ್ತಾಳೆ. ಯಾವುದನ್ನೂ ಮುಟ್ಟಲ್ಲ, ಅಂಟೀತು ಅಂತ. ಹಾಗೆ ನೋಡಿ ಹೋಗೋಕಾದರೂ ನನಗೆ ಒಂದು ಮನೆ ಇರಬೇಕಿತ್ತು ಅಂತ ಒಂದು ಗಳಿಗೆ ಅನ್ನಿಸಿತು. ಕಣ್ಣಿಗೆ ಧೂಳು ಬಿತ್ತು ಅಂತ ಟೈಲರಿಗೆ ಸುಳ್ಳು ಹೇಳಿದೆ.

ಅಂಗಡಿಯ ಹಿಂದಿನ ಗಲ್ಲಿಯಲ್ಲಿ ವ್ಯಾನು ನಿಂತಿತ್ತು. ಮೀನಣ್ಣ ಅವತ್ತು ಬೇಗ ಬಂದುಬಿಟ್ಟಿದ್ದ. ಹಿಂಬಾಗಿಲ ಮುಂದೆ ಬಗ್ಗಿ ಕೀ ತಿರುಗಿಸುತ್ತಿದ್ದ.

"ನೋಡಿ ಮೇಡಂ, ಇದೇನಾಗಿದೆಯೋ," ಅಂದ. "ಕೀ ತಿರುಗುತ್ತೆ, ಬಾಗಿಲು ತೆಗೆಯಲ್ಲ. ಒಳಗಿಂದ ಚಿಲಕ ಹಾಕಿದ ಹಾಗಿದೆ. ಒಳಗೆ ಯಾರಿದಾರೆ ಹಾಕೋಕೆ?"

ನಾನು ಬಾಗಿಲಿಗೆ ಕಿವಿ ಕೊಟ್ಟೆ. ಪಂಪಿನ ಗುಳುಗುಳು. ಅದರ ನಡುವೆ ಗಾಜಿನ ಮೇಲೆ ಸ್ಪಂಜು ಉಜ್ಜುವ ಕೀರಲು ಸದ್ದು. ನಮ್ಮ ಮಾತು ಕೇಳಿಸಿರಬೇಕು, ಆ ಸದ್ದು ನಿಂತಿತು.

ಮುಷ್ಟಿ ಬಿಚ್ಚಿ ತೋರಿಸಿದೆ. ಮೀನಣ್ಣ ಉಂಗುರ ನೋಡಿದ. ಕತ್ತರಿಸಿದ ಬಾಯಿ ನೋಡಿದ. ಅವನ ಮುಖ ಒಡೆದು ಹೋಗೋದನ್ನು ನಾನು ನೋಡಲಾರದೆ, ಅವಸರ ಅವಸರವಾಗಿ ಅಂದೆ: "ಬಿಟ್ಟು ಹೋಗಿದ್ದಲ್ಲ ಮೀನಣ್ಣ. ಬೆರಳು ಬಾತಿತ್ತು, ನನ್ನ ತಂಗಿ ಕತ್ತರಿಸಿದ್ದು. ಕಾಯಿಲೆ ನಿನಗೆ ಅಂಟೀತು ಅಂತ ದೂರ ಹೋಗಿದಾಳೆ. ಅದು ಅಂಟೋ ಕಾಯಿಲೆ ಅಲ್ಲ."

ಎಷ್ಟು ತಿಳಿಯಿತೋ, ಎಷ್ಟು ಬಿಟ್ಟಿತೋ. ಅವನು ನನ್ನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಬಾಗಿಲಿಗೆ ಹಣೆ ಹಚ್ಚಿದ.

"ಪಾಚಿ ಇಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ ಕಣೇ," ಅಂದ, ಮರದ ಬಾಗಿಲಿಗೆ. "ಯಾರೂ ನಂಬಲಿಲ್ಲ."

ಒಳಗೆ ಹೆಜ್ಜೆ ಸದ್ದು ಬಾಗಿಲ ತನಕ ಬಂತು. ಅಲ್ಲೇ ನಿಂತಿತು. ಚಿಲಕ ಸರಿಯಲಿಲ್ಲ.

"ಹೊರಟು ಹೋಗಿ," ಅಂತು ಒಂದು ಹೆಂಗಸಿನ ದನಿ, ತೀರ ಹತ್ತಿರದಿಂದ. "ದೂರ ಇರಿ ಅಂದಿದಾರೆ ಡಾಕ್ಟ್ರು."

"ಆ ಡಾಕ್ಟ್ರೇ ಬರ್ತಿದಾಳೆ ಕಣಮ್ಮ, ತೆಗಿ," ಅಂದೆ ನಾನು.

ಇನ್ನೂ ಮೆತ್ತಗೆ, ಅವನಿಗೆ ಮಾತ್ರ ಕೇಳಲಿ ಅನ್ನುವ ಹಾಗೆ ಅಂದಳು:

"ಬಾಗಿಲ ಹಿಡಿ ಮುಟ್ಟಬೇಡಿ. ಬರುವಾಗ ನಾನು ಮುಟ್ಟಿದೀನಿ."

ಮೀನಣ್ಣನ ಕೈ ಆಗಲೇ ಹಿಡಿಯ ಮೇಲಿತ್ತು. ಅವನು ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡ.